ಜನರೇಟರ್ ಸೆಲ್ಫ್ ತಗೊಳ್ತಿಲ್ವಾ? ಹೊಸ ಬ್ಯಾಟರಿ ತರುವ ಮೊದಲು ಇದನ್ನು ನೋಡಿ

ಬಿಸಿಲಿಗೆ ಸೊರಗಿದ ಬ್ಯಾಟರಿ ಬೇಸಿಗೆ ಪೂರ್ತಿ ಸುಮ್ನೆ ಕೂತಿರುತ್ತದೆ. ಮೇ ಕೊನೆಗೆ ಗುಡುಗು, ಗಾಳಿ ಬಂದು ಕರೆಂಟ್ ಹೋದ ರಾತ್ರಿ ಅದರ ಸ್ಥಿತಿ ಗೊತ್ತಾಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಮನೆ ಜನರೇಟರ್ ಕೈಕೊಡುವುದು ಎಷ್ಟೋ ಸಲ ಹೀಗೇ. "ಮೊನ್ನೆ ತನಕ ಚಲೋ ಇತ್ತಲ್ರೀ" ಅನ್ನುತ್ತಾರೆ. ಆದರೆ ನಡುವೆ ಒಮ್ಮೆಯೂ ಚಾಲು ಮಾಡಿ ನೋಡಿರುವುದಿಲ್ಲ.

ಆಗ ಎಲ್ಲರೂ ಹೇಳುವುದು ಒಂದೇ ಮಾತು: ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ. ಅದು ನಿಜವೂ ಇರಬಹುದು. ಆದರೆ ಸಡಿಲ ಟರ್ಮಿನಲ್, ಇಲಿ ಕಡಿದ ವೈರ್, ಕೆಟ್ಟ ಚಾರ್ಜರ್ ಕೂಡ ಇದೇ ಲಕ್ಷಣ ತೋರಿಸುತ್ತವೆ. ಚಾರ್ಜರ್ ಕೆಟ್ಟಿದ್ದರೆ, ಸಾವಿರಾರು ರೂಪಾಯಿ ಕೊಟ್ಟು ತಂದ ಹೊಸ ಬ್ಯಾಟರಿಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಹಾಗಾಗಿ ಹಳೆಯದು ಯಾಕೆ ಹೋಯಿತು ಅಂತ ತಿಳಿಯದೆ ಹೊಸದನ್ನು ಕೂರಿಸಬೇಡಿ. ಈ ಬರಹದಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಇದೇ.

ಇಲ್ಲಿ ಹೇಳುವುದು ಮನೆ, ತೋಟದ ಮನೆಗಳಲ್ಲಿ ಇರುವ ಸಣ್ಣ ಜನರೇಟರ್‌ಗಳ ವಿಷಯ. ಒಂದೇ 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿ ಇರುವಂಥವು. ನಿಮ್ಮದರಲ್ಲಿ ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ್ದರೆ ಅದು 24 ವೋಲ್ಟ್ ಸೆಟ್. ಅದರಲ್ಲಿ ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಕೈ ಹಾಕುವ ಮೊದಲು

ಕರೆಂಟ್ ಹೋದ ಕೂಡಲೇ ತಾನೇ ಚಾಲು ಆಗುವ ಜನರೇಟರ್ ನಿಮ್ಮದಾಗಿದ್ದರೆ, ದೊಡ್ಡ ಅಪಾಯ ಬ್ಯಾಟರಿಯದ್ದಲ್ಲ, ಎಂಜಿನ್‌ದು. ನೀವು ಒಳಗೆ ಕೈ ಹಾಕಿರುವಾಗ ಕರೆಂಟ್ ಹೋಯಿತು ಅಂದುಕೊಳ್ಳಿ. ಜನರೇಟರನ್ನು ನಡೆಸುವ ಕಂಟ್ರೋಲ್ ಪ್ಯಾನೆಲ್ ಯಾರನ್ನೂ ಕೇಳುವುದಿಲ್ಲ. ಎಂಜಿನ್ ತಿರುಗುತ್ತದೆ, ಫ್ಯಾನ್ ಬೆಲ್ಟ್ ಬೆರಳನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಮೊದಲು ಪ್ಯಾನೆಲ್ಲನ್ನು 'ಆಟೋ'ದಿಂದ 'ಆಫ್'ಗೆ ತನ್ನಿ. ಚಾವಿ ಇದ್ದರೆ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕೆಂಪು ಎಮರ್ಜೆನ್ಸಿ ಸ್ಟಾಪ್ ಬಟನ್ ಒತ್ತಿಬಿಡಿ. ಮನೆಯಲ್ಲಿ ಎಲ್ಲರಿಗೂ ಹೇಳಿ: ನಾನು ಹೇಳುವವರೆಗೆ ಯಾರೂ ಪ್ಯಾನೆಲ್ ಮುಟ್ಟಬೇಡಿ.

ಎರಡನೆಯದು ಚಾರ್ಜರ್. ಇಂಥ ಪ್ಯಾನೆಲ್‌ಗಳಲ್ಲಿ ಮನೆ ಕರೆಂಟಿನಿಂದ ಬ್ಯಾಟರಿಗೆ ಸದಾ ಚಾರ್ಜ್ ಕೊಡುವ ಚಾರ್ಜರ್ ಇರುತ್ತದೆ. ಅದರ ಒಳಗೆ 230 ವೋಲ್ಟ್ ಇದೆ. ಬ್ಯಾಟರಿ ಬಿಚ್ಚುವ ಮೊದಲು ಅದರ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ.

ಮೂರನೆಯದು ನಿಮ್ಮ ಮೈಮೇಲಿನ ಲೋಹ. ಉಂಗುರ, ಕಡಗ, ಬಳೆ, ವಾಚ್, ಕೊರಳ ಚೈನ್ ಎಲ್ಲ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಉಂಗುರವೋ ಪಾನಾವೋ ಪ್ಲಸ್ ಮತ್ತು ಬಾಡಿ (ಮೈನಸ್ ಸೇರಿರುವ ಕಬ್ಬಿಣದ ಭಾಗ) ಎರಡಕ್ಕೂ ತಾಗಿದರೆ ಅದರ ಮೂಲಕ ನೂರಾರು ಆಂಪಿಯರ್ ಹರಿಯುತ್ತದೆ. ಕ್ಷಣದಲ್ಲಿ ಲೋಹ ಕೆಂಡವಾಗುತ್ತದೆ, ಬೆರಳಿನಿಂದ ತೆಗೆಯಲೂ ಆಗುವುದಿಲ್ಲ.

ಕೊನೆಯದು ಬೆಂಕಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಬೀಡಿ, ಸಿಗರೇಟು ಬೇಡ. ಖಂಡೇಪೂಜೆಯ ದಿನ ಜನರೇಟರ್‌ಗೆ ಊದುಬತ್ತಿ, ಕರ್ಪೂರ ಬೆಳಗುವ ಮನೆಗಳು ನಮ್ಮಲ್ಲಿ ಬಹಳ. ಪೂಜೆ ಮಾಡಿ, ಆದರೆ ಚಾರ್ಜರ್ ಆಫ್ ಮಾಡಿ, ಡೋರ್ ತೆರೆದಿಟ್ಟು ಗಾಳಿ ಆಡಲು ಬಿಟ್ಟು, ಆಮೇಲೆ ಆರತಿಯನ್ನು ದೂರದಿಂದಲೇ ಬೆಳಗಿ.

ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಆಸಿಡ್ ಚರ್ಮಕ್ಕೆ ತಾಗಿದರೆ ತಕ್ಷಣ ಜಾಸ್ತಿ ನೀರು ಸುರಿದು ತೊಳೆಯಿರಿ. ಕಣ್ಣಿಗೆ ಬಿದ್ದರೆ ರೆಪ್ಪೆ ತೆರೆದು ಹಿಡಿದು ಕನಿಷ್ಠ 15 ನಿಮಿಷ ನೀರು ಬಿಡುತ್ತಲೇ ಇರಿ, ಆಮೇಲೆ ನೇರ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಸೋಡಾ ನೀರು, ಹಾಲು ಏನೂ ಹಾಕಬೇಡಿ.

ಪ್ಯಾನೆಲ್‌ನಲ್ಲಿ ಲೈಟೇ ಇಲ್ಲ, ಸದ್ದೂ ಇಲ್ಲ

ಖರ್ಚಿಲ್ಲದ ಕಡೆಯಿಂದ ಶುರು ಮಾಡಿ. ಎಮರ್ಜೆನ್ಸಿ ಸ್ಟಾಪ್ ಮೊದಲೇ ಒತ್ತಿಕೊಂಡಿತ್ತಾ? ಮಕ್ಕಳು ಆಟದಲ್ಲಿ ಒತ್ತಿರಬಹುದು. ಬಟನ್ ತಿರುಗಿಸಿದರೆ ಮೇಲೆ ಬರುತ್ತದೆ. ಪ್ಯಾನೆಲ್ ಒಳಗಿನ ಫ್ಯೂಸ್ ನೋಡಿ. ಆಮೇಲೆ ಎರಡೂ ಟರ್ಮಿನಲ್ಲನ್ನು ಕೈಯಿಂದ ಅಲುಗಾಡಿಸಿ. ಸ್ವಲ್ಪ ಅಲುಗಿದರೂ ಅದು ಸಡಿಲ ಅಂತಲೇ ಲೆಕ್ಕ. ವೈರುಗಳ ಉದ್ದಕ್ಕೂ ಟಾರ್ಚ್ ಹಿಡಿಯಿರಿ. ಕಬ್ಬಿನ ಗದ್ದೆ, ಗೋದಾಮು ಹತ್ತಿರ ಇರುವ ಮನೆಗಳಲ್ಲಿ ಇಲಿಗಳು ಜನರೇಟರ್ ಡಬ್ಬಿಯೊಳಗೆ ಬೆಚ್ಚಗೆ ಗೂಡು ಮಾಡುತ್ತವೆ, ವೈರ್ ಕಡಿಯುತ್ತವೆ.

ಇಷ್ಟೂ ಸರಿ ಇದ್ದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುವ ಸಾದಾ ಮೀಟರ್ ಸಾಕು. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ ಹಿಡಿಯಿರಿ. ಚಾರ್ಜರ್ ಆಫ್ ಮಾಡಿ ಕೆಲವು ಗಂಟೆ ಕಳೆದ ಮೇಲೆ ಅಳೆದರೆ ಲೆಕ್ಕ ಸರಿ ಬರುತ್ತದೆ. 12.6 ಅಥವಾ ಜಾಸ್ತಿ ಬಂದರೆ ಬ್ಯಾಟರಿ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕೆ ಬಂದರೆ ತಳ ಕಾಣುತ್ತಿದೆ ಅಂತ ತಿಳಿಯಿರಿ. 12.6 ಇದ್ದೂ ಪ್ಯಾನೆಲ್ ಕತ್ತಲಾಗಿದ್ದರೆ ದೋಷ ಬ್ಯಾಟರಿಯಲ್ಲಿ ಇಲ್ಲ. ಬ್ಯಾಟರಿಯಿಂದ ಪ್ಯಾನೆಲ್‌ವರೆಗಿನ ದಾರಿಯಲ್ಲಿ ಎಲ್ಲೋ ಇದೆ.

ಒಂದು ಕೆಟ್ಟ ರೂಢಿಯ ಬಗ್ಗೆ ಹೇಳಲೇಬೇಕು. ಪ್ಲಸ್‌ನಿಂದ ಮೈನಸ್‌ಗೆ ವೈರ್ ತುಂಡು ತಾಗಿಸಿ, ಕಿಡಿ ಹಾರುತ್ತದಾ ಅಂತ ನೋಡಿ ಬ್ಯಾಟರಿ ಪರೀಕ್ಷೆ ಮಾಡುವವರು ಇನ್ನೂ ಇದ್ದಾರೆ. ಹೈಡ್ರೋಜನ್ ಇರುವ ಜಾಗದಲ್ಲೇ ಕಿಡಿ ಎಬ್ಬಿಸಿದ ಹಾಗೆ ಅದು. ಬ್ಯಾಟರಿ ಒಡೆದು ಆಸಿಡ್ ಮುಖಕ್ಕೇ ಸಿಡಿಯಬಹುದು. ಯಾರಾದರೂ ಹಾಗೆ ಮಾಡಲು ಬಂದರೆ ಕೈ ಹಿಡಿದು ನಿಲ್ಲಿಸಿ.

ಲೈಟ್ ಇದೆ, ಆದರೆ 'ಟಕ್' ಅಂತ ಸುಮ್ಮನಾಗುತ್ತದೆ

'ಟಕ್' ಅನ್ನುವುದು ಸೆಲ್ಫ್ ಮೋಟರಿನ ಮೇಲಿರುವ ಸೊಲೆನಾಯ್ಡ್ (ಮೋಟರಿಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್) ಸದ್ದು. ಅದನ್ನು ಎಳೆಯಲು ಸಾಕಾಗುವಷ್ಟು ಶಕ್ತಿ ಇದೆ, ಎಂಜಿನ್ ತಿರುಗಿಸಲು ಇಲ್ಲ ಎಂದು ಅರ್ಥ. ಬೇಗ ಬೇಗ 'ಟಕಟಕಟಕ' ಅಂದರೆ ಬ್ಯಾಟರಿ ತಗ್ಗಿರುವ ಸಾಧ್ಯತೆ ಜಾಸ್ತಿ. ಒಂದೇ ಸಲ ಗಟ್ಟಿಯಾಗಿ 'ಟಕ್' ಅಂದು ನಿಂತರೆ ಟರ್ಮಿನಲ್, ದಪ್ಪ ಕೇಬಲ್ ಅಥವಾ ಸೆಲ್ಫ್ ಮೋಟರ್ ಮೇಲೆ ಅನುಮಾನ ಇಡಿ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು-ನೀಲಿ ಪುಡಿ ಕೂತಿದೆಯಾ? ಬೆಳಗಾವಿ, ಖಾನಾಪುರ ಕಡೆ ಮಳೆಗಾಲದ ತೇವಕ್ಕೆ ಇದು ಬೇಗ ಕಟ್ಟುತ್ತದೆ. ಮೀಟರ್ 12.6 ತೋರಿಸುತ್ತದೆ, ಆದರೆ ಸೆಲ್ಫ್ ಹೊಡೆದಾಗ ಬೇಕಾದ ಕರೆಂಟನ್ನು ಈ ಪುಡಿ ತಡೆಯುತ್ತದೆ. ಕೇಬಲ್ ಬಿಚ್ಚಿ (ಮೈನಸ್ ಮೊದಲು), ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೆ ಬ್ರಷ್‌ನಿಂದ ತಿಕ್ಕಿ. ಸೋಡಾ ನೀರು ಬ್ಯಾಟರಿಯ ತೂತುಗಳೊಳಗೆ ಹೋಗಬಾರದು, ಮುಚ್ಚಳ ಗಟ್ಟಿಯಾಗಿರಲಿ. ಒಣಗಿಸಿ, ಪಾಲಿಶ್ ಪೇಪರಿನಿಂದ ಉಜ್ಜಿ ಹೊಳಪು ತಂದು, ಬಿಗಿ ಮಾಡಿ, ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಇಷ್ಟಕ್ಕೇ ಸೆಲ್ಫ್ ತಗೊಂಡರೆ ಬ್ಯಾಟರಿ ಖರ್ಚು ಉಳಿಯಿತು.

ಸೆಲ್ಫ್ ತಗೊಳ್ತದೆ, ಆದರೆ ಎಂಜಿನ್ ಎಳೆದಾಡುತ್ತಾ ತಿರುಗುತ್ತದೆ

ಎಮರ್ಜೆನ್ಸಿ ಸ್ಟಾಪ್ ಬಿಡಿಸಿ, ಪ್ಯಾನೆಲ್ಲನ್ನು ಮ್ಯಾನುಯಲ್‌ಗೆ ತಂದು ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಬ್ಯಾಟರಿ ಮೇಲೆ ಮೀಟರ್ ಹಿಡಿದು ನೋಡಿ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಇಳಿಯುವುದು ಸಹಜ. ಆದರೆ ತುಂಬಿದ ಬ್ಯಾಟರಿ 9.6ಕ್ಕಿಂತ ಕೆಳಗೆ ಇಳಿಯಬಾರದು. ನಿಂತಾಗ 12.6 ಇದ್ದು, ಸೆಲ್ಫ್ ಹೊಡೆದಾಗ 8ಕ್ಕೋ 7ಕ್ಕೋ ಕುಸಿದರೆ ಬ್ಯಾಟರಿಯ ಒಳಗಿನ ಶಕ್ತಿ ಮುಗಿದಿದೆ. ನಿಂತಾಗಿನ ಅಳತೆ ಒಂದನ್ನೇ ನಂಬಿ ಮೋಸ ಹೋಗುವುದು ಇಲ್ಲೇ.

10ಕ್ಕಿಂತ ಮೇಲೇ ನಿಂತಿದ್ದರೂ ಎಂಜಿನ್ ನಿಧಾನವಾದರೆ ಕೇಬಲ್ ನೋಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದು ಸೆಲ್ಫ್ ಮೋಟರಿನ ದಪ್ಪ ಬೋಲ್ಟ್ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಆ ದಾರಿಯಲ್ಲಿ ತಡೆ ಇದೆ. ಮೈನಸ್ ಕೇಬಲ್ ಎಂಜಿನ್ ಬಾಡಿಗೆ ಸೇರುವ ಬೋಲ್ಟ್‌ನಲ್ಲಿ ತುಕ್ಕು, ಬಣ್ಣ, ಎಣ್ಣೆ ಜಿಡ್ಡು ಇರುವುದು ಬಹಳ ಸಾಮಾನ್ಯ. ಈ ಅಳತೆಯ ಹೊತ್ತಿಗೆ ಎಂಜಿನ್ ಚಾಲು ಆಗಿಬಿಡಬಹುದು. ಸಡಿಲ ಅಂಗಿ, ಟವೆಲ್, ದುಪಟ್ಟಾ ಫ್ಯಾನ್ ಹತ್ತಿರ ಸುಳಿಯಬಾರದು.

ಸೆಲ್ಫನ್ನು ಒಮ್ಮೆಗೆ 10 ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ. ನಡುವೆ ಅರ್ಧ ನಿಮಿಷವಾದರೂ ಬಿಡಿ. ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಟ್ಟು ಬ್ಯಾಟರಿಗಿಂತ ದೊಡ್ಡ ಖರ್ಚು ಬರುತ್ತದೆ.

ಜೋರಾಗಿ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ

ಇದು ಬ್ಯಾಟರಿ ತೊಂದರೆ ಅಲ್ಲ. ಡೀಸೆಲ್ ಇದೆಯಾ, ವಾಲ್ವ್ ತೆರೆದಿದೆಯಾ, ಲೈನಿನಲ್ಲಿ ಗಾಳಿ ಹಿಡಿದಿದೆಯಾ, ಏರ್ ಫಿಲ್ಟರ್ ಎರೆಮಣ್ಣಿನ ದೂಳಿಗೆ ಕಟ್ಟಿದೆಯಾ ನೋಡಿ. ಮುಂದಿನದು ಡೀಸೆಲ್ ಮೆಕ್ಯಾನಿಕ್ ಕೆಲಸ.

ಚಾರ್ಜ್ ಮಾಡಿಸಿದರೆ ಸರಿ, ವಾರಕ್ಕೆ ಮತ್ತೆ ಡೌನ್

ಹೊಸ ಬ್ಯಾಟರಿಗಳು ಸುಮ್ಮನೆ ಹಾಳಾಗುವುದು ಈ ದೋಷದಿಂದಲೇ. ಎರಡು ಅಳತೆ ಮಾಡಿ.

ಮನೆಗೆ ಕರೆಂಟ್ ಇರುವಾಗ, ಜನರೇಟರ್ ನಿಂತಿರುವಾಗ, ಚಾರ್ಜರ್ ಆನ್ ಇಟ್ಟು ಬ್ಯಾಟರಿ ಮೇಲೆ ಅಳೆಯಿರಿ. ತುಂಬಿದ ಬ್ಯಾಟರಿಗೆ 13.2ರಿಂದ 13.8ರವರೆಗೆ ಇರಬೇಕು. 12.3, 12.4 ಹೀಗೆ ತೋರಿಸಿ ದಿನೇ ದಿನೇ ಇಳಿಯುತ್ತಿದ್ದರೆ ಚಾರ್ಜರ್ ಕೆಲಸ ಮಾಡುತ್ತಿಲ್ಲ. ಎಂಸಿಬಿ ಇಳಿದಿರಬಹುದು, ಚಾರ್ಜರ್ ಫ್ಯೂಸ್ ಹೋಗಿರಬಹುದು, ಚಾರ್ಜರೇ ಸುಟ್ಟಿರಬಹುದು. ಆಮೇಲೆ ಎಂಜಿನ್ ಓಡುವಾಗ ಅಳೆಯಿರಿ. 13.8ರಿಂದ 14.4 ಬಂದರೆ ಎಂಜಿನ್‌ನ ಚಾರ್ಜಿಂಗ್ ಸರಿ ಇದೆ. ಯಾವುದೇ ಅಳತೆಯಲ್ಲಿ 15ರ ಹತ್ತಿರ ಹೋಗಿ ಅಲ್ಲೇ ನಿಂತರೆ ಅದು ಬ್ಯಾಟರಿಯನ್ನು ಕುದಿಸುತ್ತಿದೆ. ತಕ್ಷಣ ಆಫ್ ಮಾಡಿ, ಎಲೆಕ್ಟ್ರಿಶಿಯನ್ ಕರೆಯಿರಿ. ಚಾರ್ಜರ್ ಡಬ್ಬಿ ನೀವೇ ಬಿಚ್ಚಬೇಡಿ.

ಚಾವಿ ತಿರುಗಿಸಿ ಚಾಲು ಮಾಡುವ ಸಾದಾ ಜನರೇಟರ್‌ಗಳಲ್ಲಿ ಈ ಚಾರ್ಜರ್ ಸಾಮಾನ್ಯವಾಗಿ ಇರುವುದಿಲ್ಲ. ಎಂಜಿನ್ ಓಡಿದರೆ ಮಾತ್ರ ಬ್ಯಾಟರಿಗೆ ಊಟ. ಲೆಡ್-ಆಸಿಡ್ ಬ್ಯಾಟರಿ ಸುಮ್ನೆ ಕೂತರೂ ತಾನಾಗಿ ಇಳಿಯುತ್ತದೆ, ಶೆಕೆ ಹೆಚ್ಚಿದಷ್ಟೂ ಬೇಗ ಇಳಿಯುತ್ತದೆ. ಇಳಿದ ಸ್ಥಿತಿಯಲ್ಲೇ ವಾರಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಸುಮಾರು 10 ಡಿಗ್ರಿ ಶೆಕೆ ಹೆಚ್ಚಾದರೆ ಬ್ಯಾಟರಿ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕ್ಷೇತ್ರದವರು ಹಿಡಿಯುವ ಅಂದಾಜು. ವಿಜಯಪುರದಲ್ಲಿ ಏಪ್ರಿಲ್, ಮೇ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ನಿಂತ ಕಬ್ಬಿಣದ ಡಬ್ಬಿಯೊಳಗೆ ಇನ್ನೂ ಜಾಸ್ತಿ. ತಂಪು ಊರಿನಲ್ಲಿ ನಾಲ್ಕೈದು ವರ್ಷ ಬಾಳುವ ಬ್ಯಾಟರಿ ನಮ್ಮಲ್ಲಿ ಎರಡು ಮೂರಕ್ಕೇ ಸೋತರೆ ಆಶ್ಚರ್ಯ ಬೇಡ. ಜನರೇಟರ್ ಮೇಲೆ ಎತ್ತರದಲ್ಲಿ, ಸುತ್ತ ಗಾಳಿ ಆಡುವಂತೆ ಒಂದು ತಗಡಿನ ನೆರಳು ಹಾಕಿಸಿ. ತಿಂಗಳಿಗೊಮ್ಮೆ ಅರ್ಧ ಗಂಟೆ ಲೋಡ್ ಕೊಟ್ಟು ಓಡಿಸಿ. ಈ ಎರಡು ಕೆಲಸಕ್ಕೆ ಆಗುವ ಖರ್ಚು ಹೊಸ ಬ್ಯಾಟರಿಯ ಮುಂದೆ ಏನೂ ಅಲ್ಲ.

ರಬಕವಿ-ಬನಹಟ್ಟಿ ಕಡೆ ಮನೆಗೆ ಹೊಂದಿಕೊಂಡೇ ಮಗ್ಗದ ಶೆಡ್ ಇರುತ್ತದೆ. ಅಲ್ಲಿ ಹತ್ತಿಯ ದೂಳು ಬ್ಯಾಟರಿ ಮೇಲೆ ಕೂತು, ತೇವ ಹಿಡಿದು, ಪ್ಲಸ್‌ನಿಂದ ಮೈನಸ್‌ಗೆ ಸಣ್ಣಗೆ ಕರೆಂಟ್ ಸೋರಲು ದಾರಿ ಮಾಡುತ್ತದೆ. ಬೆಂಕಿಗೂ ಅದು ಒಳ್ಳೆಯದಲ್ಲ. ಆಗಾಗ ಒರೆಸಿ.

ಬ್ಯಾಟರಿ ನೀರು ಬೇಗ ಬೇಗ ಇಳಿಯುತ್ತದೆ

ಆರೂ ಸೆಲ್‌ಗಳಲ್ಲಿ ಒಂದೇ ಸಮ ಇಳಿದರೆ ಶೆಕೆ ಅಥವಾ ಜಾಸ್ತಿ ಚಾರ್ಜಿಂಗ್ ಕಾರಣ. ಒಂದೇ ಸೆಲ್‌ನಲ್ಲಿ ಇಳಿದರೆ ಆ ಸೆಲ್ ಕೆಟ್ಟಿದೆ. ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿ ಅಂತ ಅಳೆಯುವ ಸಾಧನ) ಸಿಕ್ಕರೆ ಇದು ಸ್ಪಷ್ಟವಾಗುತ್ತದೆ. ತುಂಬಿದ ಬ್ಯಾಟರಿಯಲ್ಲಿ ಸುಮಾರು 1.240ರಿಂದ 1.280 ತೋರಿಸುತ್ತದೆ. ಐದು ಸೆಲ್ 1.250 ಇದ್ದು ಒಂದು ಮಾತ್ರ 1.150 ಇದ್ದರೆ ಆ ಬ್ಯಾಟರಿ ಉಳಿಯುವುದಿಲ್ಲ, ಬದಲಿಸಿ.

ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಲವಣಗಳು ಪ್ಲೇಟುಗಳನ್ನು ತಿನ್ನುತ್ತವೆ. ಫಿಲ್ಟರ್ ನೀರೂ ಬೇಡ. ಆಸಿಡ್ ಅಂತೂ ಹಾಕಲೇಬೇಡಿ, ಹೋಗಿರುವುದು ನೀರು, ಆಸಿಡ್ ಅಲ್ಲ.

ಉಬ್ಬಿದೆ, ಸೋರುತ್ತಿದೆ, ಕೊಳೆತ ಮೊಟ್ಟೆ ವಾಸನೆ ಬರುತ್ತಿದೆ

ಇಲ್ಲಿ ನಿಲ್ಲಿಸಿ. ಮುಂದೆ ಏನೂ ಪರೀಕ್ಷೆ ಬೇಡ. ದೂರದಿಂದಲೇ ಚಾರ್ಜರ್‌ನ ಎಂಸಿಬಿ ಇಳಿಸಿ, ಮಕ್ಕಳನ್ನು ಆಚೆ ಕಳಿಸಿ, ಗಾಳಿ ಆಡಲು ಬಿಡಿ. ಆ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು, ಅದು ವಿಷ. ಬಿಸಿಯಾದ ಬ್ಯಾಟರಿಯನ್ನು ಆಗಲೇ ಎತ್ತಬೇಡಿ. ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿ ಅಂಗಡಿಯವರನ್ನೇ ಕರೆಸಿ ತೆಗೆಸಿ. ಇಂಥ ಬ್ಯಾಟರಿಗೆ ಚಾರ್ಜೂ ಬೇಡ, ಜಂಪೂ (ಬೇರೆ ಬ್ಯಾಟರಿಯ ಕೇಬಲ್ ಜೋಡಿಸಿ ಚಾಲು ಮಾಡುವುದು) ಬೇಡ.

ರಾತ್ರಿ ತುರ್ತು, ಟ್ರ್ಯಾಕ್ಟರ್ ಬ್ಯಾಟರಿಯಿಂದ ಜಂಪ್ ಮಾಡಬಹುದಾ?

ಟ್ರ್ಯಾಕ್ಟರ್‌ದು 12 ವೋಲ್ಟ್ ಆಗಿದ್ದರೆ ಮಾಡಬಹುದು. ಲಾರಿಯದು ಸಾಮಾನ್ಯವಾಗಿ 24 ವೋಲ್ಟ್, ಅದನ್ನು ಜೋಡಿಸಿದರೆ ಪ್ಯಾನೆಲ್ ಸುಟ್ಟೀತು. ಟ್ರ್ಯಾಕ್ಟರ್ ಆಫ್ ಇರಲಿ. ಕೆಂಪು ಕೇಬಲ್ ಮೊದಲು ಜನರೇಟರ್ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಟ್ರ್ಯಾಕ್ಟರ್ ಪ್ಲಸ್‌ಗೆ. ಕಪ್ಪು ಕೇಬಲ್ ಟ್ರ್ಯಾಕ್ಟರ್ ಮೈನಸ್‌ಗೆ, ಕೊನೆಯ ತುದಿ ಜನರೇಟರ್ ಎಂಜಿನ್‌ನ ಬಣ್ಣವಿಲ್ಲದ ಗಟ್ಟಿ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕೊನೆಗೆ ಹಾರುವ ಕಿಡಿ ಹೈಡ್ರೋಜನ್ ಹತ್ತಿರ ಇರಬಾರದು, ಅದಕ್ಕೇ ಈ ಕ್ರಮ. ಬಿಚ್ಚುವಾಗ ಕೊನೆಗೆ ಹಾಕಿದ್ದನ್ನು ಮೊದಲು, ಹೀಗೆ ಉಲ್ಟಾ ಕ್ರಮದಲ್ಲಿ.

ಬ್ಯಾಟರಿಯೇ ಹೋಗಿದೆ ಅಂತ ಖಾತ್ರಿ ಆದ ಮೇಲೆ

ಹಳೆಯದರ ಫೋಟೋ ತೆಗೆದು ಅಂಗಡಿಗೆ ಹೋಗಿ. ವೋಲ್ಟ್, ಎಎಚ್ (ಬ್ಯಾಟರಿಯ ಸಾಮರ್ಥ್ಯ), ಉದ್ದ-ಅಗಲ-ಎತ್ತರ, ಪ್ಲಸ್ ಯಾವ ಬದಿ ಇದೆ, ಎಲ್ಲ ಹೊಂದಬೇಕು. ಪ್ಲಸ್ ಬದಿ ಬದಲಾದರೆ ಕೇಬಲ್ ಎಟುಕುವುದಿಲ್ಲ. ಎಳೆದು ಹಾಕಿದರೆ ಬಾಡಿಗೆ ಉಜ್ಜಿ ಶಾರ್ಟ್ ಆಗುತ್ತದೆ. ತಯಾರಾದ ತಿಂಗಳು ಕೇಳಿ. ಅಂಗಡಿಯಲ್ಲೇ ಬಹಳ ದಿನ ಕೂತ ಬ್ಯಾಟರಿ ಬೇಡ. ಅಲ್ಲೇ ಮೀಟರ್ ಹಿಡಿದು 12.5ಕ್ಕಿಂತ ಜಾಸ್ತಿ ಇದೆಯಾ ನೋಡಿ.

"ಮನೆಯಲ್ಲಿ ಹಳೆ ಇನ್ವರ್ಟರ್ ಬ್ಯಾಟರಿ ಇದೆ, ಅದನ್ನೇ ಹಾಕಿದರಾಯ್ತಲ್ವಾ" ಅಂತ ಹಲವರು ಕೇಳುತ್ತಾರೆ. ಬೇಡ. ಇನ್ವರ್ಟರ್ ಬ್ಯಾಟರಿ ನಿಧಾನವಾಗಿ, ಗಂಟೆಗಟ್ಟಲೆ ಕೊಡಲು ಮಾಡಿದ್ದು. ಸೆಲ್ಫ್‌ಗೆ ಬೇಕಾದದ್ದು ಕೆಲವೇ ಸೆಕೆಂಡಿನ ದೊಡ್ಡ ಹೊಡೆತ. ಪ್ಯಾನೆಲ್‌ನ ಸಣ್ಣ ಚಾರ್ಜರ್ ಅಷ್ಟು ದೊಡ್ಡ ಬ್ಯಾಟರಿಯನ್ನು ಸರಿಯಾಗಿ ತುಂಬಿಸಲೂ ಆಗದು.

ಬದಲಿಸುವ ಕ್ರಮ ಹೀಗೆ. ಎಂಜಿನ್ ತಣ್ಣಗಿರಲಿ. ಪ್ಯಾನೆಲ್ ಆಫ್, ಚಾರ್ಜರ್ ಆಫ್, ಎಮರ್ಜೆನ್ಸಿ ಸ್ಟಾಪ್ ಒತ್ತಿದ್ದು ಇನ್ನೊಮ್ಮೆ ನೋಡಿ. ವೈರಿಂಗ್‌ನ ಫೋಟೋ ತೆಗೆದುಕೊಳ್ಳಿ, ಪ್ಲಸ್‌ಗೆ ಎರಡು ಮೂರು ವೈರ್ ಸೇರಿರಬಹುದು.

1. ಮೊದಲು ಮೈನಸ್ ಬಿಚ್ಚಿ, ಕೇಬಲ್ ತುದಿಗೆ ಬಟ್ಟೆ ಸುತ್ತಿ ದೂರ ಸರಿಸಿ. ಮೈನಸ್ ಬಾಡಿಗೆ ಸೇರಿರುತ್ತದೆ. ಅದು ಜೋಡಿಸಿದ್ದಾಗಲೇ ಪ್ಲಸ್ ಬಿಚ್ಚಲು ಹೋಗಿ ಪಾನಾ ಜಾರಿ ಬಾಡಿಗೆ ತಾಗಿದರೆ ನೇರ ಶಾರ್ಟ್.
2. ಆಮೇಲೆ ಪ್ಲಸ್. ನಂತರ ಮೇಲಿನ ಪಟ್ಟಿ.
3. ಎರಡೂ ಕೈಯಿಂದ, ನೆಟ್ಟಗೆ ಎತ್ತಿ. ಸಣ್ಣದೇ 15 ಕೆಜಿ ಹತ್ತಿರ ಇರುತ್ತದೆ. ಟರ್ಮಿನಲ್ ಹಿಡಿದು ಎತ್ತಬೇಡಿ, ಸೊಂಟ ಸರಿ ಇಲ್ಲದವರು ಇನ್ನೊಬ್ಬರನ್ನು ಕರೆಯಿರಿ.
4. ತಟ್ಟೆಯನ್ನು ಸೋಡಾ ನೀರಿನಿಂದ ತೊಳೆದು ಒಣಗಿಸಿ. ಹೊಸದನ್ನು ಇಟ್ಟು ಪಟ್ಟಿ ಬಿಗಿ ಮಾಡಿ. ಎಂಜಿನ್ ನಡುಕಕ್ಕೆ ಬ್ಯಾಟರಿ ಅಲ್ಲಾಡಿದರೆ ಒಳಗಿನ ಪ್ಲೇಟು ಉದುರುತ್ತವೆ.
5. ಈಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಪ್ಲಸ್ ಮೇಲೆ ರಬ್ಬರ್ ಟೋಪಿ ಮರೆಯಬೇಡಿ. ಉಲ್ಟಾ ಜೋಡಿಸಿದರೆ ಪ್ಯಾನೆಲ್ ಮತ್ತು ಚಾರ್ಜರ್ ಎರಡೂ ಹೋಗಬಹುದು, ಬಿಗಿ ಮಾಡುವ ಮೊದಲು ಗುರುತು ಓದಿ.

ಚಾರ್ಜರ್ ಆನ್ ಮಾಡಿ 13.2ರ ಮೇಲೆ ಏರುತ್ತದಾ ನೋಡಿ. ಎಮರ್ಜೆನ್ಸಿ ಸ್ಟಾಪ್ ಬಿಡಿಸಿ, ಮ್ಯಾನುಯಲ್‌ನಲ್ಲಿ ಒಮ್ಮೆ ಚಾಲು ಮಾಡಿ. ಡೋರ್, ಕಿಟಕಿಯಿಂದ ಮನೆಯೊಳಗೆ ಹೊಗೆ ಬರುವ ಜಾಗದಲ್ಲಾಗಲಿ, ಮುಚ್ಚಿದ ಶೆಡ್‌ನಲ್ಲಾಗಲಿ ಓಡಿಸಬೇಡಿ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆಮೇಲೆ 'ಆಟೋ'ಗೆ ತಂದು ಮೇನ್ ಇಳಿಸಿ, ತಾನೇ ಚಾಲು ಆಗುತ್ತದಾ ಪರೀಕ್ಷಿಸಿ. ಕೆಲಸ ಮುಗಿಸಿ ಪ್ಯಾನೆಲ್ಲನ್ನು 'ಆಫ್'ನಲ್ಲೇ ಮರೆತರೆ, ಮುಂದಿನ ಸಲ ಹೊಸ ಬ್ಯಾಟರಿ ಇದ್ದೂ ಕತ್ತಲು. ಜನರೇಟರ್ ಕರೆಂಟ್ ಮನೆಗೆ ಬರುವುದು ಚೇಂಜ್‌ಓವರ್ (ಹೊರಗಿನ ಲೈನ್ ಅಥವಾ ಜನರೇಟರ್, ಒಂದನ್ನು ಮಾತ್ರ ಜೋಡಿಸುವ ಸ್ವಿಚ್) ಮೂಲಕವೇ ಇರಬೇಕು. ಸಾಕೆಟ್‌ಗೆ ಉಲ್ಟಾ ಪ್ಲಗ್ ಹಾಕಿ ಕೊಟ್ಟರೆ ಆ ಕರೆಂಟ್ ಹೊರಗಿನ ಲೈನಿಗೆ ಹೋಗಿ ಕಂಬದ ಮೇಲಿನ ಹೆಸ್ಕಾಂ ಲೈನ್‌ಮನ್ ಜೀವಕ್ಕೇ ಕುತ್ತು.

ಹಳೆ ಬ್ಯಾಟರಿಯನ್ನು ಕಸಕ್ಕೆ, ಗುಜರಿ ಗಾಡಿಗೆ ಹಾಕಬೇಡಿ. ಆಸಿಡ್ ಚೆಲ್ಲಿ ಸೀಸ ಕಾಯಿಸುವವರ ಕೈಗೆ ಅದು ಹೋದರೆ ಸೀಸದ ವಿಷ ಹೊಲ, ಬಾವಿ, ಮಕ್ಕಳ ಮೈ ಸೇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆಯುವ ಹೊಣೆ ತಯಾರಕರದು. ಅಂಗಡಿಯಲ್ಲಿ ಎಕ್ಸ್‌ಚೇಂಜ್‌ಗೆ ಕೊಡಿ, ಬೆಲೆಯಲ್ಲೂ ಕಡಿಮೆ ಮಾಡುತ್ತಾರೆ. ಸಾಗಿಸುವಾಗ ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೆಟ್ಟಗೆ ಇಡಿ, ಟರ್ಮಿನಲ್‌ಗೆ ಟೇಪ್ ಸುತ್ತಿ. ಬಿಲ್ ಮತ್ತು ವಾರಂಟಿ ಕಾರ್ಡ್ ಮೇಲೆ ತಾರೀಖು, ಸೀಲ್ ಹಾಕಿಸಿಕೊಂಡೇ ಬನ್ನಿ.